ಎಲ್‌ಇಡಿ ಲೆನ್ಸ್ ಮೋಲ್ಡಿಂಗ್: ದಪ್ಪ ಅಕ್ರಿಲಿಕ್ ತಣಿಯುವ ಲೆಕ್ಕ

ಟಾರ್ಚ್, ಸೈಕಲ್ ದೀಪ, ಅಂಗಡಿಯ ಸ್ಪಾಟ್‌ಲೈಟ್ ಯಾವುದನ್ನೇ ಬಿಚ್ಚಿ ನೋಡಿ, ಎಲ್‌ಇಡಿಯ ಮೇಲೆ ಗಾಜಿನಂತೆ ಕಾಣುವ ಪುಟ್ಟ ಲೆನ್ಸ್ ಕೂತಿರುತ್ತದೆ. ಕೆಳಗೆ ಕಿರಿದು, ಮೇಲೆ ಅಗಲ. ಕೆಳಭಾಗದಲ್ಲಿ ಎಲ್‌ಇಡಿ ಹೊಕ್ಕು ಕೂರಲು ಒಂದು ಕುಳಿ. ಇದಕ್ಕೆ ಕಾಲಿಮೇಟರ್ ಎನ್ನುತ್ತಾರೆ. ಸುಮಾರು 20 ಮಿ.ಮೀ. ವ್ಯಾಸ, 10 ಮಿ.ಮೀ. ಎತ್ತರ, 2 ಗ್ರಾಂಗಿಂತ ಕಡಿಮೆ ತೂಕ. ಹೆಚ್ಚಿನವು ಅಕ್ರಿಲಿಕ್‌ನವು, ಅಂದರೆ ಪಿಎಂಎಂಎ. ಕರಗಿಸಿದ ಪ್ಲಾಸ್ಟಿಕ್ ಅನ್ನು ಅಚ್ಚಿಗೆ (ಮೋಲ್ಡ್) ಒತ್ತಿ ತುಂಬುವ ಇಂಜೆಕ್ಷನ್ ಮೋಲ್ಡಿಂಗ್ ಮೆಷಿನ್‌ನಿಂದಲೇ ಬರುತ್ತವೆ, ಬಕೆಟ್, ಬಾಚಣಿಗೆ ಬರುವ ಹಾಗೆಯೇ.

ವ್ಯತ್ಯಾಸ ಇರುವುದು ದಪ್ಪದಲ್ಲಿ. ಸಾಮಾನ್ಯ ಪಾರ್ಟ್‌ನಲ್ಲಿ ಗೋಡೆ 4 ಮಿ.ಮೀ. ದಾಟಿದರೆ ಮೋಲ್ಡರ್ ಡ್ರಾಯಿಂಗ್ ವಾಪಸ್ ಕಳಿಸುತ್ತಾನೆ: ಒಳಗೆ ಟೊಳ್ಳು ಮಾಡಿ, ರಿಬ್ (ತೆಳು ಆಸರೆ ಪಟ್ಟಿ) ಕೊಡಿ ಅಂತ. ಲೆನ್ಸ್‌ಗೆ ಆ ಸವಲತ್ತಿಲ್ಲ. ಬೆಳಕು ಹಾಯಬೇಕಾದ ಜಾಗವೆಲ್ಲ ಗಟ್ಟಿಯಾಗಿಯೇ ಇರಬೇಕು, ಆದ್ದರಿಂದ ಒಂದೇ ಪಾರ್ಟ್‌ನಲ್ಲಿ ಒಂದು ಕಡೆ 2 ಮಿ.ಮೀ., ಇನ್ನೊಂದು ಕಡೆ 6 ಮಿ.ಮೀ. ತಪ್ಪಿದ್ದಲ್ಲ. ತೆಳುವಾದದ್ದು ಮೊದಲು ಗಟ್ಟಿಯಾಗುತ್ತದೆ, ದಪ್ಪಗಿರುವುದು ಕೊನೆಗೆ. ಆ ಕೊನೆಯ ಭಾಗ ಕುಗ್ಗುವಾಗ ಮೇಲ್ಮೈಯನ್ನು ಒಳಕ್ಕೆ ಎಳೆಯುತ್ತದೆ, ಅಥವಾ ಒಳಗೆ ಟೊಳ್ಳು ಬಿಡುತ್ತದೆ. ಲೆನ್ಸ್ ಮೋಲ್ಡಿಂಗ್‌ನ ಮುಕ್ಕಾಲು ಪಾಲು ತಲೆನೋವು ಹುಟ್ಟುವುದು ಇಲ್ಲಿಂದಲೇ. ಹಾಗಾಗಿ ಆಕಾರ, ಗೇಟ್ (ಅಚ್ಚಿನೊಳಕ್ಕೆ ಪ್ಲಾಸ್ಟಿಕ್ ಹೋಗುವ ಬಾಯಿ), ಟೂಲ್ (ಅಚ್ಚು), ಮೆಷಿನ್ ಸೆಟ್ಟಿಂಗ್ ಎಲ್ಲವನ್ನೂ ತಣಿಯುವಿಕೆಯ ಕಣ್ಣಿನಿಂದಲೇ ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಈ ಬರಹದ ಉದ್ದಕ್ಕೂ ಅದೇ ಎಳೆ.

ಮೊದಲು ಗಾತ್ರ

ಲೆನ್ಸ್ ಎಷ್ಟು ದೊಡ್ಡದಿರಬೇಕು ಎಂಬುದನ್ನು ಮಾರ್ಕೆಟಿಂಗ್‌ನವರು ಹೇಳುವ ಮೊದಲೇ ಭೌತಶಾಸ್ತ್ರ ಹೇಳಿಬಿಟ್ಟಿರುತ್ತದೆ. ಬೆಳಕು ಹೊಮ್ಮುವ ಭಾಗದ ವ್ಯಾಸವನ್ನು ಬೇಕಾದ ಅರ್ಧಕೋನದ (ಬೀಮ್, ಅಂದರೆ ಬೆಳಕಿನ ಕಂಬ, ನಡುಗೆರೆಯಿಂದ ಒಂದು ಬದಿಗೆ ಹರಡುವ ಕೋನ) ಸೈನ್‌ನಿಂದ ಭಾಗಿಸಿ. ಬರುವ ಸಂಖ್ಯೆಗಿಂತ ಚಿಕ್ಕ ಲೆನ್ಸ್‌ನಿಂದ ಪೂರ್ತಿ ಬೆಳಕನ್ನು ಆ ಕೋನದೊಳಗೆ ತರಲು ಸಾಧ್ಯವೇ ಇಲ್ಲ. 2 ಮಿ.ಮೀ. ಆಕರ, 10 ಡಿಗ್ರಿ ಅರ್ಧಕೋನ ಎಂದರೆ 2 ÷ 0.1736, ಅಂದರೆ 11.5 ಮಿ.ಮೀ. ಇದು ಕನಿಷ್ಠ ಮಿತಿ ಮಾತ್ರ. ಎಲ್‌ಇಡಿಗೂ ಕುಳಿಗೂ ನಡುವಿನ ಸಂದು, ಜೋಡಣೆಯ ಟಾಲರೆನ್ಸ್ ಇವೆಲ್ಲ ಸೇರಿದರೆ ಕೈಗೆ ಬರುವುದು 18ರಿಂದ 22 ಮಿ.ಮೀ. ಅದೇ ಲೆನ್ಸ್ ಇಟ್ಟುಕೊಂಡು ಎಲ್‌ಇಡಿಯನ್ನು 3.5 ಮಿ.ಮೀ.ನದ್ದಕ್ಕೆ ಬದಲಿಸಿದರೆ ಕನಿಷ್ಠ ಮಿತಿಯೇ 20 ಮಿ.ಮೀ. ಆಯಿತು. ಆಮೇಲೆ ಬೀಮ್ ಅಗಲವಾಯಿತು ಎಂದು ಮೋಲ್ಡರ್‌ನನ್ನು ದೂರಿ ಫಲವಿಲ್ಲ. ತಲೆಯ ಮೇಲೆ ಸಿಲಿಕೋನ್ ಗುಮ್ಮಟ ಇರುವ ಎಲ್‌ಇಡಿಯಲ್ಲಿ ಚಿಪ್ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಆ ಕಂಡ ಅಳತೆಯನ್ನು.

ಕಾಲಿಮೇಟರ್‌ನಲ್ಲಿ ಬೆಳಕಿಗೆ ಎರಡು ದಾರಿ. ನೇರ ಮೇಲಕ್ಕೆ ಹೋಗುವುದನ್ನು ಕುಳಿಯ ತಲೆಯಲ್ಲಿರುವ ಉಬ್ಬು ಮಸೂರ ಹಿಡಿಯುತ್ತದೆ. ಪಕ್ಕಕ್ಕೆ ಹೋಗುವುದು ಕುಳಿಯ ಗೋಡೆ ದಾಟಿ, ಹೊರಗಿನ ಬಾಗಿದ ಗೋಡೆಗೆ ಬಡಿದು, ಅಲ್ಲಿ ಪೂರ್ಣ ಆಂತರಿಕ ಪ್ರತಿಫಲನವಾಗಿ ಮೇಲೇಳುತ್ತದೆ. ಅಕ್ರಿಲಿಕ್‌ನ ವಕ್ರೀಭವನ ಸೂಚ್ಯಂಕ 1.49, ಆದ್ದರಿಂದ ಕ್ರಾಂತಿಕೋನ 42 ಡಿಗ್ರಿ. ಅದಕ್ಕಿಂತ ಓರೆಯಾಗಿ ಬಿದ್ದ ಕಿರಣ ಒಂದಿಷ್ಟೂ ಸೋರದೆ ತಿರುಗುತ್ತದೆ, ಬೆಳ್ಳಿ ಲೇಪನ ಬೇಡ. ಆದರೆ ಆ ಗೋಡೆಗೆ ಅಂಟು, ಎಣ್ಣೆ, ಬೆರಳಿನ ಗುರುತು, ಹೋಲ್ಡರ್‌ನ ರಿಬ್ ಏನೇ ತಾಕಿದರೂ ಅಲ್ಲಿಂದ ಬೆಳಕು ಹೊರಬೀಳುತ್ತದೆ. ಲೆನ್ಸ್ ಹಿಡಿಯುವುದಿದ್ದರೆ ಮೇಲಂಚಿನಲ್ಲಿ ಚಾಚಿದ ಪಟ್ಟಿಯಾದ ಫ್ಲ್ಯಾಂಜ್‌ನಲ್ಲಿ ಅಥವಾ ಕೆಳಗಿನ ಕಾಲುಗಳಲ್ಲಿ ಹಿಡಿಯಬೇಕು.

ಗೋಡೆಯ ಓರೆ 0.5 ಡಿಗ್ರಿ ತಪ್ಪಿದರೆ ಪ್ರತಿಫಲಿತ ಕಿರಣ 1 ಡಿಗ್ರಿ ತಿರುಗುತ್ತದೆ, ಮೇಲ್ಮುಖದಿಂದ ಗಾಳಿಗೆ ಬರುವಾಗ ಅದು ಸುಮಾರು 1.5 ಡಿಗ್ರಿ ಆಗುತ್ತದೆ. 20 ಡಿಗ್ರಿ ಬೀಮ್‌ನಲ್ಲಿ ಇದು ಗೊತ್ತೂ ಆಗುವುದಿಲ್ಲ. 6 ಡಿಗ್ರಿ ಬೀಮ್‌ನಲ್ಲಿ ನಡುವಿನ ಹೊಳಪು ಕುಸಿದು ಸುತ್ತ ಉಂಗುರ ಮೂಡುತ್ತದೆ. ಡ್ರಾಯಿಂಗ್‌ನಲ್ಲಿ ಮೈಕ್ರಾನ್ ಲೆಕ್ಕದ ಆಕಾರದ ತಪ್ಪನ್ನಷ್ಟೇ ಬರೆದರೆ ಸಾಲದು, ಓರೆಯ ತಪ್ಪನ್ನೂ ಬರೆಯಬೇಕು. 5 ಮೈಕ್ರಾನ್ ತಪ್ಪು 10 ಮಿ.ಮೀ. ಉದ್ದಕ್ಕೆ ಹರಡಿದ್ದರೆ ನಿರುಪದ್ರವಿ, ಅರ್ಧ ಮಿ.ಮೀ.ನೊಳಗೆ ಏರಿಳಿದಿದ್ದರೆ ಬೀಮ್ ಹಾಳು.

ಡ್ರಾಫ್ಟ್ (ಪಾರ್ಟ್ ಅಚ್ಚಿನಿಂದ ಸಲೀಸಾಗಿ ಬಿಡಲು ಗೋಡೆಗೆ ಕೊಡುವ ಓರೆ) ಅನ್ನು ಕೊನೆಗೆ ಸೇರಿಸುವುದು ಡಿಸೈನ್‌ನಲ್ಲಿ ಪದೇಪದೇ ಕಾಣುವ ಎಡವಟ್ಟು. ಸಿಮ್ಯುಲೇಶನ್‌ನಲ್ಲಿ ಕುಳಿಯ ಗೋಡೆ ನೆಟ್ಟಗಿರುತ್ತದೆ, ಫಲಿತಾಂಶ ಸೊಗಸಾಗಿರುತ್ತದೆ. ಟೂಲ್‌ರೂಮ್‌ನವರು ಪಾರ್ಟ್ ಕುಳಿ ಮೂಡಿಸುವ ಕೋರ್‌ಗೆ ಕಚ್ಚಿಕೊಳ್ಳುತ್ತದೆ ಎಂದು 2 ಡಿಗ್ರಿ ಡ್ರಾಫ್ಟ್ ಕೇಳುತ್ತಾರೆ. ಆಗ ಗೋಡೆ ದಾಟುವ ಪ್ರತಿ ಕಿರಣದ ದಿಕ್ಕೂ ಬದಲಾಗಿ, ಹೊರಗೋಡೆಯನ್ನು ಹೊಸದಾಗಿ ಬರೆಯಬೇಕಾಗುತ್ತದೆ. ಮೊದಲ ದಿನವೇ 2ರಿಂದ 3 ಡಿಗ್ರಿ ಡ್ರಾಫ್ಟ್ ಕೊಟ್ಟು, ಕುಳಿಯ ಗೋಡೆ ಮತ್ತು ಉಬ್ಬು ಮಸೂರ ಸೇರುವ ಮೂಲೆಗೆ 0.1ರಿಂದ 0.2 ಮಿ.ಮೀ. ರೇಡಿಯಸ್ ಕೊಟ್ಟು ಸಿಮ್ಯುಲೇಶನ್ ಓಡಿಸಿ. ಆ ರೇಡಿಯಸ್ ಮೇಲೆ ಬಿದ್ದ ಬೆಳಕು ಕೆಲಸಕ್ಕೆ ಬರುವುದಿಲ್ಲ, ಅದನ್ನು ನಷ್ಟದ ಲೆಕ್ಕಕ್ಕೆ ಹಾಕಿ. ಪ್ರತಿ ಮೇಲ್ಮೈಯಲ್ಲಿ ಹೇಗೂ 3.9% ಬೆಳಕು ಹಿಂದಿರುಗುತ್ತದೆ. ಒಳಬರುವ, ಹೊರಹೋಗುವ ಎರಡು ಮುಖ ಸೇರಿ 92%ಕ್ಕಿಂತ ಹೆಚ್ಚು ದಾಟಲು ಲೇಪನವಿಲ್ಲದ ಅಕ್ರಿಲಿಕ್‌ನಲ್ಲಿ ಆಗದು. ನೈಜ ಕಾಲಿಮೇಟರ್ 85ರಿಂದ 90% ಕೊಟ್ಟರೆ ಒಳ್ಳೆಯದೇ.

ಇನ್ನು ದಪ್ಪ. ಕ್ಯಾಡ್ ಮಾದರಿಯೊಳಗೆ ಎಲ್ಲೆಲ್ಲಿ ಎಷ್ಟು ದೊಡ್ಡ ಗೋಲ ಹಿಡಿಯುತ್ತದೆ ನೋಡಿ. ಅತಿ ದೊಡ್ಡ ಗೋಲ ಕೂರುವ ಜಾಗವೇ ಕೊನೆಗೆ ತಣಿಯುವ ಜಾಗ. ಕಾಲಿಮೇಟರ್‌ನಲ್ಲಿ ಅದು ಸಾಮಾನ್ಯವಾಗಿ ಕುಳಿಗೂ ಹೊರಗೋಡೆಗೂ ನಡುವಿನ ಉಂಗುರ. ಮೇಲ್ಮುಖದ ನಡುವೆ ಒಂದು ತಗ್ಗು ಕೊಟ್ಟು, ಉಬ್ಬು ಮಸೂರವನ್ನು ಆ ತಗ್ಗಿನೊಳಕ್ಕೆ ಇಳಿಸಿದರೆ 2ರಿಂದ 3 ಮಿ.ಮೀ. ಉಳಿಸಬಹುದು. ಕಾಲಿಮೇಟರ್‌ಗಳ ನಡುವೆ ಬಾವಿಯಂತೆ ಕಾಣುವುದು ಇದೇ ಕಾರಣಕ್ಕೆ.

6 ಮಿ.ಮೀ.ಗೆ ಒಂದೂವರೆ ನಿಮಿಷ

ತಣಿಯುವ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಇಮ್ಮಡಿಯಾದರೆ ಸಮಯ ನಾಲ್ಕು ಪಟ್ಟು. ಅಕ್ರಿಲಿಕ್‌ನ ಉಷ್ಣ ಹರಡುವಿಕೆ ಸೆಕೆಂಡಿಗೆ ಸುಮಾರು 0.1 ಚದರ ಮಿ.ಮೀ. ಕರಗಿದ ಮಾಲು 240 ಡಿಗ್ರಿ ಸೆಲ್ಸಿಯಸ್, ಮೋಲ್ಡ್ 75 ಡಿಗ್ರಿ, ಹೊರತೆಗೆಯುವಾಗ ನಡುಭಾಗ 95 ಡಿಗ್ರಿ ಎಂದಿಟ್ಟುಕೊಂಡು ಚಪ್ಪಟೆ ಹಲಗೆಯ ಸೂತ್ರ ಹಾಕಿದರೆ ಹೀಗೆ ಬರುತ್ತದೆ: 3 ಮಿ.ಮೀ.ಗೆ 21 ಸೆಕೆಂಡ್, 6ಕ್ಕೆ 86, 9ಕ್ಕೆ 193, 12ಕ್ಕೆ 343 ಸೆಕೆಂಡ್. ಅಂದರೆ 12 ಮಿ.ಮೀ. ಲೆನ್ಸ್‌ಗೆ ಶಾಟ್ ಒಂದಕ್ಕೆ (ಅಚ್ಚು ಒಮ್ಮೆ ತುಂಬಿ ತೆಗೆಯುವುದಕ್ಕೆ) ಸುಮಾರು 6 ನಿಮಿಷ. ಕೊಟೇಶನ್ ಬರೆಯುವಾಗ ಈ ಸಂಖ್ಯೆ ಎದುರಿಗಿರಲಿ. ಲೆನ್ಸ್‌ನ ಬೆಲೆಯಲ್ಲಿ ಮಾಲಿಗಿಂತ ಮೆಷಿನ್ ಸಮಯದ್ದೇ ದೊಡ್ಡ ಪಾಲು.

ನಡುಭಾಗ ಪೂರ್ತಿ ಗಟ್ಟಿಯಾಗುವ ತನಕ ಕಾಯದೆ, ಹೊರಚಿಪ್ಪು ಆಕಾರ ಹಿಡಿದಿಟ್ಟುಕೊಳ್ಳುವಷ್ಟು ಬಲಿತ ಕೂಡಲೇ ಹೊರತೆಗೆದು, ಬೆಚ್ಚನೆಯ ಗಾಳಿಯಲ್ಲಿ ನಿಧಾನವಾಗಿ ತಣಿಸುವ ರೂಢಿಯೂ ಇದೆ. ಸೈಕಲ್ (ಒಂದು ಶಾಟ್‌ನ ಪೂರ್ತಿ ಸಮಯ) ಮೂರನೇ ಒಂದರಷ್ಟು ಇಳಿದರೂ ಇಳಿಯಬಹುದು. ಆದರೆ ಬೇಗ ತೆಗೆದ ಲೆನ್ಸ್ ಟ್ರೇಯಲ್ಲಿ ಕೂತಲ್ಲೇ ಇನ್ನಷ್ಟು ಕುಗ್ಗುತ್ತದೆ, ಮೆಷಿನ್ ಪಕ್ಕದಲ್ಲಿ ನೋಡಿದಾಗ ಚೆನ್ನಾಗಿದ್ದ ಮೇಲ್ಮೈ ಸಂಜೆಗೆ ತಗ್ಗಾಗಿರುತ್ತದೆ. ಈ ದಾರಿ ಹಿಡಿದರೆ ಅಳತೆಯನ್ನು 24 ಗಂಟೆ ಬಿಟ್ಟೇ ತೆಗೆಯಬೇಕು.

ಇನ್ನೊಂದು ದಾರಿ ಪದರ ಪದರವಾಗಿ ಮೋಲ್ಡ್ ಮಾಡುವುದು. ಕಾರಿನ ಹೆಡ್‌ಲ್ಯಾಂಪ್‌ನ ದಪ್ಪ ಲೆನ್ಸ್‌ಗಳಿಗೆ ಇದನ್ನು ಬಳಸುತ್ತಾರೆ. 12 ಮಿ.ಮೀ.ಯನ್ನು ಮೊದಲು ನಡುವಿನ 6 ಮಿ.ಮೀ., ಆಮೇಲೆ ಎರಡೂ ಬದಿಗೆ 3 ಮಿ.ಮೀ. ಎಂದು ಒಡೆಯಬಹುದು. 3 ಮಿ.ಮೀ. ಪದರಕ್ಕೆ 21 ಸೆಕೆಂಡ್ ಸಾಕು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಅದರ ಒಂದು ಬದಿಗೆ ಸ್ಟೀಲ್ ಇದ್ದರೆ ಇನ್ನೊಂದು ಬದಿಗೆ ಪ್ಲಾಸ್ಟಿಕ್ಕೇ ಇದೆ, ಶಾಖ ಒಂದೇ ಕಡೆಯಿಂದ ಹೊರಹೋಗಬೇಕು. ಹಾಗಾಗಿ 3 ಮಿ.ಮೀ. ಪದರ 6 ಮಿ.ಮೀ.ನಂತೆ ವರ್ತಿಸುತ್ತದೆ, ಅದಕ್ಕೂ 86 ಸೆಕೆಂಡ್. ಆದ್ದರಿಂದಲೇ 3-6-3 ಹಂಚಿಕೆ ಚೆನ್ನಾಗಿ ಹೊಂದುತ್ತದೆ: ತಿರುಗುವ ಟೇಬಲ್‌ನ ಎರಡು ಸ್ಟೇಷನ್‌ಗಳೂ ಒಟ್ಟಿಗೆ ಮುಗಿಯುತ್ತವೆ, ಸೈಕಲ್ 343ರಿಂದ 86ರ ಆಸುಪಾಸಿಗೆ ಇಳಿಯುತ್ತದೆ. ಹೊರಪದರ ನಡುವಿನ ತುಂಡಿನ ಸಿಂಕ್ ಅನ್ನೂ, ಅಂದರೆ ಕುಗ್ಗಿ ಆದ ತಗ್ಗನ್ನೂ, ಮುಚ್ಚಿಬಿಡುವುದರಿಂದ ನಡುವಿನದ್ದು ಅಷ್ಟು ನಿಖರವಾಗಿರಬೇಕಿಲ್ಲ. ಎರಡು ಇಂಜೆಕ್ಷನ್ ಯೂನಿಟ್ ಇರುವ ಮೆಷಿನ್ ಬೇಕು ಎಂಬುದೇ ಅಡ್ಡಿ.

ಯಾವ ಪ್ಲಾಸ್ಟಿಕ್

ಎಲ್‌ಇಡಿ ಲೆನ್ಸ್‌ಗೆ ಮೊದಲ ಆಯ್ಕೆ ಅಕ್ರಿಲಿಕ್. ಆಬೆ ಸಂಖ್ಯೆ 57 (ಇದು ಹೆಚ್ಚಿದ್ದಷ್ಟೂ ಬಣ್ಣ ಒಡೆಯುವುದು ಕಡಿಮೆ), ಬಿಸಿಲಿಗೆ ಹಳದಿಯಾಗುವುದಿಲ್ಲ. ಆದರೆ 80-85 ಡಿಗ್ರಿ ದಾಟುವ ಜಾಗದಲ್ಲಿ ಕೈಕೊಡುತ್ತದೆ. ಪಾಲಿಕಾರ್ಬೊನೇಟ್‌ನ ಸೂಚ್ಯಂಕ 1.585, ಆಬೆ 30, ಶಾಖ 120 ಡಿಗ್ರಿವರೆಗೆ ತಡೆಯುತ್ತದೆ, ಕಲ್ಲೇಟಿಗೆ ಜಗ್ಗುವುದಿಲ್ಲ. ಬಿಸಿಲಿಗೆ ಹಳದಿಯಾಗುತ್ತದೆ, ಯುವಿ ತಡೆಯ ಗ್ರೇಡ್ ಕೇಳಿಯೇ ಕೊಳ್ಳಬೇಕು. ಒಳಗಿನ ಒತ್ತಡ ಬೆಳಕಿನಲ್ಲಿ ಎದ್ದು ಕಾಣುವುದೂ ಇದರಲ್ಲೇ ಹೆಚ್ಚು. 2015ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಬೀದಿದೀಪ ಯೋಜನೆಯ ಬಳಿಕ ನಮ್ಮ ಊರುಗಳ ಸೋಡಿಯಂ ದೀಪಗಳು ಎಲ್‌ಇಡಿಯಾಗಿ ಬದಲಾದವು. ಬೀದಿದೀಪದ ಲೆನ್ಸ್ ಕೊಳ್ಳುವವರು ಅಕ್ರಿಲಿಕ್ಕೋ ಪಾಲಿಕಾರ್ಬೊನೇಟೋ ಎಂಬುದನ್ನು ಟೆಂಡರ್‌ನಲ್ಲೇ ಸ್ಪಷ್ಟಪಡಿಸಬೇಕು. ಗಾಜಿನ ಹೊದಿಕೆ ಇರುವ ದೀಪಕ್ಕೆ ಅಕ್ರಿಲಿಕ್ ಲೇಸು, ಲೆನ್ಸೇ ಹೊರಗೆ ತೆರೆದಿದ್ದರೆ ಯುವಿ ಗ್ರೇಡ್ ಪಾಲಿಕಾರ್ಬೊನೇಟ್.

ಕ್ಯಾಮೆರಾ, ಸೆನ್ಸರ್‌ಗಳ ಲೆನ್ಸ್‌ಗೆ ಸೈಕ್ಲೋ ಓಲೆಫಿನ್ ಪಾಲಿಮರ್ ಬರುತ್ತದೆ. ಸೂಚ್ಯಂಕ 1.53, ನೀರು ಹೀರುವುದು 0.01%ಕ್ಕೂ ಕಡಿಮೆ. ಅಕ್ರಿಲಿಕ್ ಪೂರ್ತಿ ನೆನೆದರೆ 2%ರ ಹತ್ತಿರ ಹೀರಿ ಉಬ್ಬುತ್ತದೆ. ಬೆಲೆ ಮಾತ್ರ ಹಲವು ಪಟ್ಟು.

ಶಾಖಕ್ಕೆ ಫೋಕಸ್ ಜರಗುವುದು ಪ್ಲಾಸ್ಟಿಕ್‌ನ ಹುಟ್ಟುಗುಣ. ಅಕ್ರಿಲಿಕ್‌ನ ಸೂಚ್ಯಂಕ ಡಿಗ್ರಿಗೆ ಸುಮಾರು 0.00011 ಇಳಿಯುತ್ತದೆ, ಉದ್ದ ಡಿಗ್ರಿಗೆ 0.00007 ಭಾಗ ಹಿಗ್ಗುತ್ತದೆ. ಎರಡೂ ಫೋಕಸ್ ಅನ್ನು ಒಂದೇ ದಿಕ್ಕಿಗೆ, ದೂರಕ್ಕೆ ತಳ್ಳುತ್ತವೆ: ಡಿಗ್ರಿಗೆ ಸುಮಾರು 0.03%. 40 ಡಿಗ್ರಿ ಏರಿದರೆ 10 ಮಿ.ಮೀ. ಫೋಕಸ್ 10.12 ಆಗುತ್ತದೆ. ಟಾರ್ಚ್‌ಗೆ ಇದರಿಂದ ಏನೂ ಆಗದು. ಕ್ಯಾಮೆರಾದಲ್ಲಿ ಚಿತ್ರವೇ ಮಸುಕು. ಗಾಜಿನಲ್ಲಿ ಈ ಬದಲಾವಣೆ ತೀರಾ ಕಡಿಮೆ, ಅದಕ್ಕೇ ಬಹಳಷ್ಟು ಕಡೆ ಒಂದು ಗಾಜಿನ ಲೆನ್ಸ್ ಜತೆ ಉಳಿದವು ಪ್ಲಾಸ್ಟಿಕ್‌ನವು ಎಂಬ ಜೋಡಣೆ ಮಾಡುತ್ತಾರೆ.

ಟೂಲ್

ಬೆಳಕು ತಾಕುವ ಪ್ರತಿ ಮೇಲ್ಮೈಯನ್ನೂ ಬೇರೆ ಇನ್ಸರ್ಟ್ (ಅಚ್ಚಿನೊಳಗೆ ಕೂರಿಸುವ ಬಿಡಿ ತುಂಡು) ಆಗಿ ಮಾಡಿಸಿ, ಟೂಲ್ ಬಿಚ್ಚದೆ ಹೊರತೆಗೆಯಲು ಬರುವಂತಿರಲಿ. ಮೊದಲ ಇನ್ಸರ್ಟ್ ಕೊನೆಯ ಇನ್ಸರ್ಟ್ ಆಗಿರುವುದಿಲ್ಲ.

ಇನ್ಸರ್ಟ್‌ಗೆ ಎರಡು ಹಾದಿ. 420 ಜಾತಿಯ ಶುದ್ಧ ಸ್ಟೇನ್‌ಲೆಸ್ ಸ್ಟೀಲ್ ಅನ್ನು 50-52 ಎಚ್‌ಆರ್‌ಸಿ ಗಡಸುತನಕ್ಕೆ ಗಟ್ಟಿ ಮಾಡಿಸಿ, ಮಿಲ್ಲಿಂಗ್ ಮಾಡಿ, ವಜ್ರದ ಪೇಸ್ಟ್‌ನಿಂದ ಕನ್ನಡಿಯಂತೆ ಪಾಲಿಶ್ ಮಾಡುವುದು ಒಂದು. ಬೆಂಗಳೂರಿನ ಪೀಣ್ಯದಂಥ ಕಡೆ ಈ ಪಾಲಿಶ್ ಕೈಹಿಡಿದ ಕೆಲಸಗಾರರು ಸಿಗುತ್ತಾರೆ. ಆದರೆ ಕೈಪಾಲಿಶ್ ಹೊಳಪು ಕೊಟ್ಟಷ್ಟೂ ಆಕಾರ ತಿನ್ನುತ್ತದೆ, ಅಂಚುಗಳನ್ನು ಉರುಟು ಮಾಡುತ್ತದೆ. ಅಗಲ ಬೀಮ್‌ನ ಲೆನ್ಸ್‌ಗೆ ನಡೆಯುತ್ತದೆ, ಇಕ್ಕಟ್ಟಿನ ಬೀಮ್‌ಗೆ ನಡೆಯುವುದಿಲ್ಲ.

ಎರಡನೆಯದು ವಜ್ರದ ಮೊನೆಯಿಂದ ಲೇತ್‌ನಲ್ಲಿ ಕಡೆಯುವುದು. ಸ್ಟೀಲ್ ಅನ್ನು ವಜ್ರದಿಂದ ನೇರವಾಗಿ ಕಡೆಯಲು ಬರುವುದಿಲ್ಲ. ವಜ್ರ ಎಂದರೆ ಇಂಗಾಲ, ಬಿಸಿಯಾದ ಕಬ್ಬಿಣ ಇಂಗಾಲವನ್ನು ಹೀರಿಕೊಳ್ಳುತ್ತದೆ, ಮೊನೆ ನೋಡನೋಡುತ್ತ ಸವೆದುಹೋಗುತ್ತದೆ. ಅದಕ್ಕೇ ಸ್ಟೀಲ್ ಇನ್ಸರ್ಟ್ ಮೇಲೆ ವಿದ್ಯುತ್ ಇಲ್ಲದೆ ಕೂರಿಸುವ ನಿಕಲ್-ರಂಜಕದ ಲೇಪನ ಕೊಟ್ಟು, ಆ ಲೇಪನವನ್ನು ಕಡೆಯುತ್ತಾರೆ. ರಂಜಕ 10%ಕ್ಕಿಂತ ಹೆಚ್ಚಿರಬೇಕು. ಕಡಿಮೆಯಾದರೆ ವಜ್ರ ಬೇಗ ಸವೆಯುತ್ತದೆ. ಒರಟುತನ 5-10 ನ್ಯಾನೋಮೀಟರ್‌ಗೆ ಬರುತ್ತದೆ, ಪಾಲಿಶ್ ಬೇಕಿಲ್ಲ. ಮೇಲ್ಮೈಯಲ್ಲಿ ಕಾಮನಬಿಲ್ಲಿನ ಬಣ್ಣ ಕಂಡರೆ ಫೀಡ್ (ಮೊನೆ ಸರಿಯುವ ವೇಗ) ಜಾಸ್ತಿಯಾಗಿದೆ ಎಂದರ್ಥ, ಕಡೆದ ಗೆರೆಗಳು ಬೆಳಕನ್ನು ಒಡೆಯುತ್ತಿವೆ.

ನಿಕಲ್ ಮೆತ್ತಗಿನದು. ಪಾಲಿಶ್ ಪೇಸ್ಟ್, ಹಿತ್ತಾಳೆ ಕಡ್ಡಿ, ಹತ್ತಿ ವೇಸ್ಟ್ ಯಾವುದೂ ಅದರ ಹತ್ತಿರ ಸುಳಿಯಬಾರದು. ಅಂಟಿದ ಲೆನ್ಸ್ ಬಿಡಿಸಲು ಆಪರೇಟರ್ ಸ್ಕ್ರೂಡ್ರೈವರ್ ಎತ್ತಿಕೊಂಡರೆ ಆ ಇನ್ಸರ್ಟ್ ಕಥೆ ಮುಗಿದಂತೆ. ಬಿಸಿ ಮಾಡಿದ ತಾಮ್ರದ ತಂತಿಯನ್ನು ರನ್ನರ್ (ಮಾಲು ಹರಿದು ಬರುವ ಕಾಲುವೆ) ಕಡೆಯಿಂದ ಪ್ಲಾಸ್ಟಿಕ್ಕಿಗೆ ಚುಚ್ಚಿ, ತಣಿದ ಮೇಲೆ ಎಳೆಯಬೇಕು. ಒರೆಸುವುದಾದರೆ ನೂಲು ಬಿಡದ ಬಟ್ಟೆಗೆ ಅಸಿಟೋನ್ ಹಾಕಿ, ಅದರ ತೂಕದಲ್ಲೇ ಒಂದು ದಿಕ್ಕಿಗೆ ಒಂದೇ ಸಲ ಎಳೆದು, ಬಟ್ಟೆಯ ಆ ಭಾಗವನ್ನು ಮತ್ತೆ ಬಳಸದಿರುವುದು.

ನೀರಿನ ಸಾಲುಗಳು ಎರಡೂ ಅರ್ಧಗಳಲ್ಲಿ ಬೇರೆ ಬೇರೆ ಇರಲಿ, ಎರಡಕ್ಕೂ ಬೇರೆ ಬೇರೆ ಟೆಂಪರೇಚರ್ ಕಂಟ್ರೋಲರ್ ಇರಲಿ. ಕುಳಿ ಮಾಡುವ ಕೋರ್ ಪಿನ್ ಸುತ್ತ ಬಿಸಿ ಪ್ಲಾಸ್ಟಿಕ್ ಇರುವುದರಿಂದ ಅದೇ ಎಲ್ಲಕ್ಕಿಂತ ಬಿಸಿಯಾಗುತ್ತದೆ. ಅದರೊಳಗೆ ಬಬ್ಲರ್ (ನೀರು ಹಾಯಿಸುವ ಸಣ್ಣ ನಳಿಕೆ) ಇಡಲು ಜಾಗವಿದ್ದರೆ ಬಿಡಬೇಡಿ. ಕಂಟ್ರೋಲರ್ ತೋರಿಸುವುದು ನೀರಿನ ಶಾಖ. ಇನ್ಸರ್ಟ್ ಮುಖದ ಶಾಖವನ್ನು ಪ್ರೋಬ್ ಇಟ್ಟು, 20 ಶಾಟ್ ಓಡಿದ ಮೇಲೆ ಅಳೆಯಿರಿ, ಕ್ಯಾವಿಟಿಗಳ (ಅಚ್ಚಿನಲ್ಲಿ ಒಂದೊಂದು ಲೆನ್ಸ್ ಮೂಡುವ ಗೂಡು) ನಡುವೆ 2 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬೇಡ.

ಗೇಟ್ ವಿಷಯದಲ್ಲಿ ಡಿಸೈನರ್‌ಗೂ ಮೋಲ್ಡರ್‌ಗೂ ಜಗಳ ಖಚಿತ. ದಪ್ಪ ಭಾಗ ಕುಗ್ಗುವಷ್ಟು ಹೊತ್ತೂ ಗೇಟ್ ತೆರೆದಿದ್ದು ಮಾಲು ಒಳಗೆ ಹೋಗುತ್ತಿರಬೇಕು. ಫ್ಲ್ಯಾಂಜ್ 1.5 ಮಿ.ಮೀ., ಲೆನ್ಸ್ 6 ಮಿ.ಮೀ. ಆಗಿದ್ದರೆ ಫ್ಲ್ಯಾಂಜ್ ಮೊದಲು ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ, ಆಮೇಲೆ ಎಷ್ಟು ಹೋಲ್ಡಿಂಗ್ ಪ್ರೆಶರ್ (ತುಂಬಿದ ಮೇಲೂ ಮಾಲನ್ನು ಒತ್ತಿ ಹಿಡಿಯುವ ಒತ್ತಡ) ಕೊಟ್ಟರೂ ಅದು ರನ್ನರ್‌ನಲ್ಲೇ ನಿಲ್ಲುತ್ತದೆ. ಗೇಟ್ ಬರುವ ಕಡೆ ಫ್ಲ್ಯಾಂಜ್ ಅನ್ನು 3-3.5 ಮಿ.ಮೀ. ದಪ್ಪ ಮಾಡಿ, 6-8 ಮಿ.ಮೀ. ಅಗಲದ ಎಡ್ಜ್ ಗೇಟ್ ಕೊಡುವುದು ಪರಿಹಾರ. ಸಣ್ಣ ಬಾಯಿಯ ಸಬ್‌ಮರೀನ್ ಗೇಟ್, ಪಿನ್ ಪಾಯಿಂಟ್ ಗೇಟ್ ಈ ಕೆಲಸಕ್ಕಲ್ಲ. ಅಂಚಿನಲ್ಲಿ ಒಂದು ಚಪ್ಪಟೆ ಕಟ್ ಇಟ್ಟರೆ ಕತ್ತರಿಸಿದ ಗೇಟ್‌ನ ಉಳಿಕೆ ಹೋಲ್ಡರ್‌ಗೆ ತಾಗುವುದಿಲ್ಲ, ಲೆನ್ಸ್ ಯಾವ ದಿಕ್ಕಿಗೆ ಕೂರಬೇಕು ಎಂಬ ಗುರುತೂ ಆಯಿತು. ಇಷ್ಟು ದಪ್ಪ ಗೇಟ್ ಅನ್ನು ತಣ್ಣನೆಯ ನಿಪ್ಪರ್‌ನಿಂದ ಕತ್ತರಿಸಿದರೆ ಅಕ್ರಿಲಿಕ್ ಸಿಡಿಯುತ್ತದೆ, ಬಿರುಕು ಒಳಕ್ಕೆ ಓಡುತ್ತದೆ. ಬಿಸಿ ನಿಪ್ಪರ್ ಅಥವಾ ಚಿಕ್ಕ ಎಂಡ್ ಮಿಲ್, ಜತೆಗೆ ಪುಡಿ ಹೀರುವ ವ್ಯಾಕ್ಯೂಮ್ ಬೇಕು.

ಮೆಷಿನ್ ಮೇಲೆ

4 ಅಥವಾ 8 ಕ್ಯಾವಿಟಿ ಟೂಲ್‌ಗೆ ಅಚ್ಚನ್ನು ಮುಚ್ಚಿ ಹಿಡಿಯುವ ಬಲ 50-60 ಟನ್ ಸಾಕು. ಇರುವ 150 ಟನ್ ಮೆಷಿನ್‌ಗೆ ಹಾಕಿಬಿಡೋಣ ಎನ್ನುವವರು ಬ್ಯಾರೆಲ್ (ಮಾಲು ಕರಗುವ ಕೊಳವೆ) ನೋಡಬೇಕು. ಶಾಟ್ 25 ಗ್ರಾಂ, ಬ್ಯಾರೆಲ್‌ನಲ್ಲಿ 150 ಗ್ರಾಂ ಹಿಡಿಯುತ್ತದೆ, ಸೈಕಲ್ 100 ಸೆಕೆಂಡ್ ಎಂದರೆ ಪ್ರತಿ ಕಾಳೂ 10 ನಿಮಿಷ ಬೇಯುತ್ತದೆ. ಇನ್ನೂ ದೊಡ್ಡ ಬ್ಯಾರೆಲ್ ಆದರೆ ಅಕ್ರಿಲಿಕ್ ಒಡೆದು ಗಾಳಿಗುಳ್ಳೆ, ಹಳದಿ ಛಾಯೆ ಶುರುವಾಗುತ್ತವೆ. 22-25 ಮಿ.ಮೀ. ಸ್ಕ್ರೂ (ಬ್ಯಾರೆಲ್ ಒಳಗೆ ಮಾಲು ತಳ್ಳುವ ತಿರುಪು) ಇರುವ ಚಿಕ್ಕ, ಪೂರ್ತಿ ಎಲೆಕ್ಟ್ರಿಕ್ ಮೆಷಿನ್ ಇದಕ್ಕೆ ಹೇಳಿ ಮಾಡಿಸಿದ್ದು.

ಒಣಗಿಸುವುದರಲ್ಲಿ ರಾಜಿ ಇಲ್ಲ. ಅಕ್ರಿಲಿಕ್ ಅನ್ನು 80 ಡಿಗ್ರಿಯಲ್ಲಿ 4 ಗಂಟೆ, ಪಾಲಿಕಾರ್ಬೊನೇಟ್ ಅನ್ನು 120 ಡಿಗ್ರಿಯಲ್ಲಿ 4 ಗಂಟೆ. ಪಾಲಿಕಾರ್ಬೊನೇಟ್‌ನಲ್ಲಿ ತೇವ 0.02%ಕ್ಕಿಂತ ಕೆಳಗೆ ಬರಲೇಬೇಕು. ಬರದಿದ್ದರೆ ಬೆಳ್ಳಿ ಗೆರೆ ಕಾಣದಿದ್ದರೂ ಅಣುಗಳು ತುಂಡಾಗಿ ಪಾರ್ಟ್ ಪೆಡಸಾಗುತ್ತದೆ. ಮಳೆಗಾಲದಲ್ಲಿ ಸಾದಾ ಬಿಸಿಗಾಳಿ ಹಾಪರ್ ಡ್ರೈಯರ್ ಹೊರಗಿನ ಒದ್ದೆ ಗಾಳಿಯನ್ನೇ ಬಿಸಿ ಮಾಡಿ ಊದುತ್ತದೆ. ಮೈನಸ್ 30 ಡಿಗ್ರಿ ಡ್ಯೂ ಪಾಯಿಂಟ್ ಕೊಡುವ, ಅಂದರೆ ಗಾಳಿಯ ತೇವವನ್ನೇ ಹೀರಿ ತೆಗೆಯುವ ಡೆಸಿಕೆಂಟ್ ಡ್ರೈಯರ್ ಬೇಕು. ರೀಗ್ರೈಂಡ್ (ಪುಡಿ ಮಾಡಿ ಮರುಬಳಸುವ ಮಾಲು) ಒಂದು ಹಿಡಿಯೂ ಬೇಡ, ರನ್ನರ್ ಅನ್ನು ಬೇರೆ ಕೆಲಸಕ್ಕೆ ಮಾರಿ.

ತುಂಬುವ ವೇಗ ನಿಧಾನ. ಜೋರಾಗಿ ಹೊಡೆದರೆ ಮಾಲು ಗೇಟ್‌ನಿಂದ ಹಾವಿನಂತೆ ಚಿಮ್ಮಿ ಎದುರು ಗೋಡೆಗೆ ಬಡಿದು ಸುರುಳಿ ಸುತ್ತುತ್ತದೆ, ಆ ಮಡಿಕೆ ಲೆನ್ಸ್‌ನಲ್ಲಿ ಉಳಿದುಬಿಡುತ್ತದೆ. ತೀರಾ ನಿಧಾನವಾದರೆ ಮುಂಭಾಗ ತಣಿದು ಮೇಲ್ಮೈಯಲ್ಲಿ ಅಲೆ ಏಳುತ್ತದೆ. ಗೇಟ್ ದಾಟುವ ತನಕ ನಿಧಾನ, ಆಮೇಲೆ ಸ್ವಲ್ಪ ವೇಗ, ಕೊನೆಯ 10% ಮತ್ತೆ ನಿಧಾನ ಎಂಬ ಮೂರು ಹಂತ ಹೆಚ್ಚಿನ ಲೆನ್ಸ್‌ಗೆ ಒಗ್ಗುತ್ತದೆ.

ಹೋಲ್ಡಿಂಗ್ ಸಮಯವನ್ನು ಅಂದಾಜಿನಲ್ಲಿ ಇಡಬೇಡಿ. 0.001 ಗ್ರಾಂ ತಕ್ಕಡಿ ತೆಗೆದುಕೊಂಡು, ಹೋಲ್ಡಿಂಗ್ ಅನ್ನು 2 ಸೆಕೆಂಡ್‌ನಂತೆ ಏರಿಸುತ್ತ, ರನ್ನರ್ ಕತ್ತರಿಸಿ ಲೆನ್ಸ್ ಒಂದನ್ನೇ ತೂಗಿ. ತೂಕ ಏರುವುದು ನಿಂತ ಹೊತ್ತಿಗೆ ಗೇಟ್ ಹೆಪ್ಪುಗಟ್ಟಿದೆ. ಅದಕ್ಕೆ 1-2 ಸೆಕೆಂಡ್ ಸೇರಿಸಿ ನಿಲ್ಲಿಸಿ. ದಪ್ಪ ಲೆನ್ಸ್‌ನಲ್ಲಿ ಇದು 20-30 ಸೆಕೆಂಡ್ ಆದರೂ ಅಚ್ಚರಿಯಿಲ್ಲ. ಒತ್ತಡವನ್ನು ಕೊನೆತನಕ ಒಂದೇ ಸಮ ಇಟ್ಟರೆ ಗೇಟ್ ಬಳಿ ಮಾಲು ಬಿಗಿದುಕೊಂಡು ಲೆನ್ಸ್ ಒಳಗೆ ಒತ್ತಡ ಉಳಿಯುತ್ತದೆ. 600 ಬಾರ್‌ನಿಂದ ಶುರು ಮಾಡಿ 450, 300 ಎಂದು ಇಳಿಸುತ್ತ ಬನ್ನಿ.

ಲೆನ್ಸ್ ಒಳಗೆ ಗುಳ್ಳೆ ಕಂಡಾಗ ಅದು ಯಾವ ಜಾತಿಯದು ಎಂದು ಮೊದಲು ತಿಳಿಯಬೇಕು, ಎರಡಕ್ಕೂ ಮದ್ದು ಬೇರೆ. ಆ ಲೆನ್ಸ್ ಅನ್ನು ಅಕ್ರಿಲಿಕ್ ಮೆತ್ತಗಾಗುವಷ್ಟು, ಅಂದರೆ 110-120 ಡಿಗ್ರಿ ದಾಟುವಂತೆ ನಿಧಾನವಾಗಿ ಕಾಯಿಸಿ ನೋಡಿ. ಗುಳ್ಳೆ ಕುಸಿದು ಮೇಲ್ಮೈ ತಗ್ಗಾದರೆ ಅದು ಕುಗ್ಗುವಿಕೆಯಿಂದಾದ ನಿರ್ವಾತ. ಮಾಲು ಸಾಲಲಿಲ್ಲ ಎಂದರ್ಥ: ಹೋಲ್ಡಿಂಗ್ ಹೆಚ್ಚಿಸಿ, ಗೇಟ್ ದಪ್ಪ ಮಾಡಿ, ಕುಶನ್ (ಸ್ಕ್ರೂ ಮುಂದೆ ಉಳಿಯುವ ಮಾಲು) 3 ಮಿ.ಮೀ.ಗಿಂತ ಕಡಿಮೆಯಾಗಿದೆಯೇ ನೋಡಿ. ಗುಳ್ಳೆ ಇನ್ನೂ ಉಬ್ಬಿದರೆ ಅದರೊಳಗೆ ಅನಿಲವಿದೆ: ತೇವ, ಮಾಲು ಬೆಂದುಹೋಗಿರುವುದು, ಅಥವಾ ಬ್ಯಾಕ್ ಪ್ರೆಶರ್ (ಮಾಲು ಕರಗಿ ಸೇರುವಾಗ ಸ್ಕ್ರೂಗೆ ಹಿಂದಿನಿಂದ ಕೊಡುವ ಒತ್ತಡ) ಸಾಲದೆ ಸ್ಕ್ರೂ ಗಾಳಿ ಎಳೆದುಕೊಂಡಿರುವುದು ಕಾರಣ. ಮೋಲ್ಡ್ ಶಾಖವೂ ಇಲ್ಲಿ ಮಾತಾಡುತ್ತದೆ. ಮೋಲ್ಡ್ ತಣ್ಣಗಿದ್ದರೆ ಚಿಪ್ಪು ಬೇಗ ಗಟ್ಟಿಯಾಗಿ ಮೇಲ್ಮೈ ನಿಲ್ಲುತ್ತದೆ, ಕುಗ್ಗುವಿಕೆ ಒಳಗೆ ಟೊಳ್ಳಾಗುತ್ತದೆ. ಬಿಸಿ ಇದ್ದರೆ ಚಿಪ್ಪು ಮೆತ್ತಗಿದ್ದು ಮೇಲ್ಮೈಯೇ ಒಳಗಿಳಿಯುತ್ತದೆ. ಅಕ್ರಿಲಿಕ್‌ಗೆ 70-85 ಡಿಗ್ರಿ ನಡುವೆ ಈ ಸಮತೋಲವನ್ನು ಹುಡುಕಬೇಕು.

ಪಾಲಿಕಾರ್ಬೊನೇಟ್‌ನಲ್ಲಿ ಕಪ್ಪು ಚುಕ್ಕೆಗಳ ಕಾಟ ಹೆಚ್ಚು. ಬ್ಯಾರೆಲ್ ಪೂರ್ತಿ ತಣಿದರೆ ಅದು ಸ್ಕ್ರೂಗೆ ಬಿಗಿಯಾಗಿ ಅಂಟಿ, ಕುಗ್ಗುವಾಗ ಸುಟ್ಟ ಪದರವನ್ನು ಕಿತ್ತುಕೊಂಡು ಬರುತ್ತದೆ. ಮಾರನೆಯ ದಿನವಿಡೀ ಚುಕ್ಕೆ. ರಾತ್ರಿ ನಿಲ್ಲಿಸುವಾಗ ಹೀಟರ್ ಆಫ್ ಮಾಡದೆ 160-180 ಡಿಗ್ರಿಯಲ್ಲಿ ಬಿಡಿ. ಕರೆಂಟ್ ಹೋಗುವ ಊರಾದರೆ ಹೀಟರ್‌ಗಷ್ಟೇ ಸಾಕಾಗುವ ಜನರೇಟರ್ ಲೈನ್ ಇಟ್ಟರೂ ಲಾಭವೇ.

ಅಳತೆ, ಆಮೇಲೆ ತಿದ್ದುಪಡಿ

ಒಳಗಿನ ಒತ್ತಡ ನೋಡಲು ದುಬಾರಿ ಉಪಕರಣ ಬೇಕಿಲ್ಲ. ಹಳೆಯ ಎಲ್‌ಸಿಡಿ ಮಾನಿಟರ್‌ನಲ್ಲಿ ಬಿಳಿ ಪರದೆ ತೆರೆಯಿರಿ, ಅದರಿಂದ ಬರುವ ಬೆಳಕು ಆಗಲೇ ಧ್ರುವೀಕೃತ. ಎದುರಿಗೆ ಒಂದು ಪೋಲರಾಯ್ಡ್ ಹಾಳೆ ಹಿಡಿದು, ಪರದೆ ಕಪ್ಪಾಗುವ ತನಕ ತಿರುಗಿಸಿ, ನಡುವೆ ಲೆನ್ಸ್ ಇಡಿ. ಒತ್ತಡವಿಲ್ಲದ ಲೆನ್ಸ್ ಕಪ್ಪಾಗಿಯೇ ಇರುತ್ತದೆ. ಗೇಟ್‌ನಿಂದ ಬೀಸಣಿಗೆಯಂತೆ ಬಿಳುಪು ಅಥವಾ ಬಣ್ಣದ ಪಟ್ಟೆ ಹರಡಿದ್ದರೆ ಹೋಲ್ಡಿಂಗ್ ಹೆಚ್ಚಾಗಿದೆ. ಒಪ್ಪಿಗೆಯಾದ ಮೊದಲ ಮಾದರಿಯ ಫೋಟೊ ತೆಗೆದು ಮೆಷಿನ್ ಪಕ್ಕ ಅಂಟಿಸಿದರೆ ಶಿಫ್ಟ್‌ನವರಿಗೆ ಅದೇ ಕೈಮರ.

ಆ ಒತ್ತಡ ಅಕ್ರಿಲಿಕ್‌ನಲ್ಲಿ ಮುಂದೆ ಬಿರುಕಾಗುತ್ತದೆ. ಜೋಡಣೆ ಲೈನ್‌ನಲ್ಲಿ ಯಾರೋ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸುತ್ತಾರೆ, ಕೆಲ ನಿಮಿಷದಲ್ಲಿ ಗೇಟ್ ಬಳಿ ಕೂದಲೆಳೆಯಂಥ ಗೆರೆಗಳು ಹೊಳೆಯತೊಡಗುತ್ತವೆ. ಸೂಪರ್ ಗ್ಲೂ ಆವಿಯೂ ಹೀಗೇ ಮಾಡುತ್ತದೆ. ಪಾಲಿಕಾರ್ಬೊನೇಟ್‌ಗೆ ಸ್ಕ್ರೂ ಬಿಗಿಗೆ ಹಾಕುವ ಥ್ರೆಡ್ ಲಾಕರ್ ಶತ್ರು. ಅಕ್ರಿಲಿಕ್ ಲೆನ್ಸ್ ಒರೆಸಲು ಮೆದು ಸೋಪಿನ ನೀರು ಸಾಕು. ಒತ್ತಡ ಇಳಿಸಬೇಕಾದರೆ ಓವನ್‌ನಲ್ಲಿ 80 ಡಿಗ್ರಿ, ದಪ್ಪದ ಮಿ.ಮೀ. ಸಂಖ್ಯೆಯನ್ನು 3ರಿಂದ ಭಾಗಿಸಿದಷ್ಟು ಗಂಟೆ, ಕನಿಷ್ಠ 2 ಗಂಟೆ. ಇಳಿಸುವಾಗ ಗಂಟೆಗೆ 15 ಡಿಗ್ರಿಗಿಂತ ವೇಗ ಬೇಡ.

ಆಕಾರದ ತಿದ್ದುಪಡಿ ಕೊನೆಯ ಹಂತ. ಅಕ್ರಿಲಿಕ್ 0.4-0.6% ಕುಗ್ಗುತ್ತದೆ ಎಂದು ಮೊದಲ ಇನ್ಸರ್ಟ್ ಅನ್ನು ಅಷ್ಟು ಹಿಗ್ಗಿಸಿ ಕಡೆಯುತ್ತಾರೆ. ಕುಗ್ಗುವಿಕೆ ಎಲ್ಲೆಡೆ ಒಂದೇ ಸಮ ಇರುವುದಿಲ್ಲವಾದ್ದರಿಂದ ಕೆಲವು ಮೈಕ್ರಾನ್ ತಪ್ಪು ಉಳಿದೇ ಉಳಿಯುತ್ತದೆ. ಆ ತಪ್ಪನ್ನು ಮೇಲ್ಮೈಯ ಆಕಾರ ಅಳೆಯುವ ಪ್ರೊಫೈಲೋಮೀಟರ್‌ನಲ್ಲಿ ಅಳೆದು, ಎದುರು ದಿಕ್ಕಿಗೆ ಇನ್ಸರ್ಟ್‌ನಲ್ಲಿ ಕಡೆದರೆ ಮುಂದಿನ ಲೆನ್ಸ್ ಸರಿಯಾಗುತ್ತದೆ. ಇಲ್ಲಿ ಆತುರ ಬೇಡ. ಮೊದಲು ಮೆಷಿನ್ ಸೆಟ್ಟಿಂಗ್ ಬೀಗ ಹಾಕಿದಂತೆ ನಿಲ್ಲಬೇಕು. 30 ಶಾಟ್ ಬಿಟ್ಟು, ಆಮೇಲಿನ 5 ಶಾಟ್‌ಗಳನ್ನು ಅಳೆಯಿರಿ. ಆ ಐದರ ನಡುವಿನ ವ್ಯತ್ಯಾಸ ಸರಾಸರಿ ತಪ್ಪಿಗಿಂತ ದೊಡ್ಡದಿದ್ದರೆ ಇನ್ಸರ್ಟ್ ಮುಟ್ಟಬೇಡಿ, ಪ್ರೊಸೆಸ್ ಸರಿಮಾಡಿ. ಅಲುಗಾಡುವ ಪ್ರೊಸೆಸ್‌ಗೆ ಇನ್ಸರ್ಟ್ ತಿದ್ದಿದರೆ ಇನ್ನೊಂದು ಬ್ಯಾಗ್ ಮಾಲು ಬಂದಾಗ ಎಲ್ಲ ತಲೆಕೆಳಗು. ಗೇಟ್ ಕಡೆಗೆ ವಾಲಿದ ತಪ್ಪು ಲೇತ್‌ನಲ್ಲಿ ಸುತ್ತಿಸಿ ಕಡೆಯುವುದರಿಂದ ಹೋಗದು. ಅದನ್ನು ಹೋಲ್ಡಿಂಗ್, ಗೇಟ್ ಅಗಲ, ಎರಡೂ ಬದಿಯ ಮೋಲ್ಡ್ ಶಾಖ ಇವುಗಳಲ್ಲೇ ಇಳಿಸಬೇಕು.

ತಿದ್ದಿದ ಲೆನ್ಸ್ ಪಾಸಾದ ಮೇಲೆ ಹೋಲ್ಡರ್ ಜತೆ ಮತ್ತೊಮ್ಮೆ ಪರೀಕ್ಷಿಸಿ. ಎಲ್‌ಇಡಿಗೂ ಲೆನ್ಸ್‌ಗೂ ನಡುವಿನ ಎತ್ತರ 0.2 ಮಿ.ಮೀ. ಬದಲಾದರೂ ಇಕ್ಕಟ್ಟಿನ ಬೀಮ್‌ನ ನಡುವೆ ಕಪ್ಪು ಚುಕ್ಕೆ ಅಥವಾ ಹಳದಿ ಉಂಗುರ ಮೂಡುತ್ತದೆ, ಸೋಲ್ಡರ್ ಪೇಸ್ಟ್ ದಪ್ಪ ಹೆಚ್ಚಾಗಿ ಎಲ್‌ಇಡಿ ಮೇಲೆದ್ದರೂ ಇದೇ ಗತಿ. ಲೆನ್ಸ್‌ನ ಕಾಲು ಎಲ್‌ಇಡಿ ಪ್ಯಾಕೇಜ್ ಮೇಲೆ ಕೂರದೆ ಬೋರ್ಡ್ ಮೇಲೆ ಕೂರುವಂತೆ, ಎಲ್‌ಇಡಿಯ ಗುಮ್ಮಟಕ್ಕೂ ಕುಳಿಗೂ ನಡುವೆ ಸುತ್ತಲೂ ಕನಿಷ್ಠ 0.3 ಮಿ.ಮೀ. ಸಂದು ಉಳಿಯುವಂತೆ ಕಾಲಿನ ಉದ್ದವನ್ನು ಟೂಲ್‌ನಲ್ಲಿ ಬೇರೆ ಪಿನ್ ಆಗಿ ಇಟ್ಟರೆ, ಅದನ್ನು 0.1 ಮಿ.ಮೀ. ತಿದ್ದಲು ಪೂರ್ತಿ ಇನ್ಸರ್ಟ್ ಕಡೆಸಬೇಕಾಗುವುದಿಲ್ಲ.